ಒಬ್ಬರು ಜಗುಲಿಗೆ, ಒಬ್ಬರು ಅಡುಗೆಮನೆಗೆ

ಹೃದ್ರೋಗ ವಿಭಾಗದ ಹೊರರೋಗಿ ಕೋಣೆಯ ಮೂಲೆಯಲ್ಲಿ ವಾರಕ್ಕೆ ಎರಡು ದಿನ ಕೂರುತ್ತೇನೆ. ಮನೋವೈದ್ಯರಿಗೆ ಇಲ್ಲೇನು ಕೆಲಸ ಎಂದು ಕೇಳುವವರು ಈಗಲೂ ಇದ್ದಾರೆ. ಸ್ಟೆಂಟ್ ಹಾಕಿಸಿಕೊಂಡವರು (ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು 'ಸ್ಟಂಟ್'), ಬೈಪಾಸ್ ಆದವರು, 'ಪಂಪಿಂಗ್ ಕಡಿಮೆ ಅಂದ್ರು' ಎಂದು ಎಕೋ ರಿಪೋರ್ಟ್ ಹಿಡಿದು ಬಂದವರು, ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ನನ್ನೆದುರು ಎರಡು ಕುರ್ಚಿ. ಒಂದು ರೋಗಿಗೆ, ಇನ್ನೊಂದು ಜೊತೆಗೆ ಬಂದವರಿಗೆ. 'ಹೇಗಿದ್ದೀರಿ?' ಎಂದು ಮೊದಲನೇ ಕುರ್ಚಿಯನ್ನು ಕೇಳಿದರೆ ಉತ್ತರ ಬರುವುದು ಹೆಚ್ಚಾಗಿ ಎರಡನೆಯದರಿಂದ.

ರೋಗಿ ಗಂಡಸಾದರೆ ಹೆಂಡತಿ ಹೇಳುತ್ತಾರೆ: "ಮಾತ್ರೆ ಎರಡು ದಿನ ತಗೊಂಡ್ರೆ ಮೂರು ದಿನ ಬಿಡ್ತಾರೆ ಡಾಕ್ಟ್ರೇ. ಮಾತಾಡ್ಸಿದ್ರೆ ಸಿಡುಕ್ತಾರೆ. ರಾತ್ರಿ ಎದ್ದು ಜಗುಲಿ ಮೇಲೆ ಕೂತಿರ್ತಾರೆ." ಅವರು ಆಗ ಗೋಡೆಯ ಕ್ಯಾಲೆಂಡರ್ ಓದುತ್ತಿರುತ್ತಾರೆ. ರೋಗಿ ಹೆಂಗಸಾದರೆ ಮಗ ಹೇಳುತ್ತಾನೆ: "ಏನಿಲ್ಲ ಸರ್, ಅಮ್ಮ ಆರಾಮಿದ್ದಾರೆ. ಸುಮ್ನೆ ಯೋಚ್ನೆ ಮಾಡೋದು ಜಾಸ್ತಿ." ಅಮ್ಮ ತಲೆಯಾಡಿಸಿ ಸೆರಗು ಸರಿಮಾಡಿಕೊಳ್ಳುತ್ತಾರೆ. ಒಬ್ಬರ ಬಗ್ಗೆ ದೂರು, ಇನ್ನೊಬ್ಬರ ಬಗ್ಗೆ ಸಮಜಾಯಿಷಿ. ಖಿನ್ನತೆ ಇಬ್ಬರಲ್ಲೂ ಇರಬಹುದು, ಎರಡೂ ಮಾತಿನಲ್ಲಿ ಅದರ ಹೆಸರಿಲ್ಲ.

ಮೊದಲು ಒಂದಿಷ್ಟು ಲೆಕ್ಕ. ಹೃದಯಾಘಾತವಾದ ಐದು ಜನರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಇರುತ್ತದೆ. ಅದನ್ನು 'ಇಷ್ಟೆಲ್ಲ ಆದ ಮೇಲೆ ಬೇಜಾರು ಇದ್ದದ್ದೇ' ಎಂದು ಬಿಟ್ಟುಬಿಡುವ ಕಾಲ 1993ಕ್ಕೇ ಮುಗಿಯಬೇಕಿತ್ತು. ಆ ವರ್ಷ ಕೆನಡಾದ ಮಾಂಟ್ರಿಯಲ್ ಹಾರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ನ್ಯಾನ್ಸಿ ಫ್ರಾಷರ್-ಸ್ಮಿತ್ ಮತ್ತು ಸಂಗಡಿಗರು ಹೃದಯಾಘಾತವಾದ 222 ಜನರ ಮೇಲೆ ಆರು ತಿಂಗಳು ಕಣ್ಣಿಟ್ಟು ನೋಡಿದ ವರದಿ ಬಂತು. ಹೃದಯ ಎಷ್ಟು ಘಾಸಿಗೊಂಡಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಖಿನ್ನತೆ ಇದ್ದವರಲ್ಲಿ ಸಾವಿನ ಅಪಾಯ ಇಲ್ಲದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. 1999ರಲ್ಲಿ ಅದೇ ತಂಡ 896 ಜನರನ್ನು ಗಂಡು, ಹೆಣ್ಣು ಎಂದು ಬೇರ್ಪಡಿಸಿ ಒಂದು ವರ್ಷದ ಲೆಕ್ಕ ತೆಗೆಯಿತು. ಹೃದಯದಿಂದಾಗುವ ಸಾವಿನ ಅಪಾಯ ಎರಡೂ ಕಡೆ ಸುಮಾರು ಮೂರು ಪಟ್ಟು. ಕೇಡು ಮಾಡುವುದರಲ್ಲಿ ಖಿನ್ನತೆ ಭೇದಭಾವ ತೋರುವುದಿಲ್ಲ.

ಭೇದ ಇರುವುದು ಅದು ಎಷ್ಟು ಜನರಿಗೆ ಬರುತ್ತದೆ, ಯಾವ ವೇಷದಲ್ಲಿ ಬರುತ್ತದೆ ಎಂಬಲ್ಲಿ. ಯೇಲ್ ವಿಶ್ವವಿದ್ಯಾಲಯದವರು ಮುನ್ನಡೆಸಿದ 'ವರ್ಗೋ' ಎಂಬ ಅಧ್ಯಯನ 18ರಿಂದ 55 ವರ್ಷದೊಳಗೆ ಹೃದಯಾಘಾತವಾದವರನ್ನು ನೋಡಿತು. ಆಸ್ಪತ್ರೆಗೆ ಬಂದ ಹೊತ್ತಿಗೇ ಹೆಂಗಸರಲ್ಲಿ ನೂರಕ್ಕೆ 39, ಗಂಡಸರಲ್ಲಿ ನೂರಕ್ಕೆ 22 ಜನರಿಗೆ ಮಧ್ಯಮ ಅಥವಾ ಅದಕ್ಕಿಂತ ಹೆಚ್ಚಿನ ಖಿನ್ನತೆಯ ಲಕ್ಷಣಗಳಿದ್ದವು. ಹಿಂದೆ ಎಂದಾದರೂ ಖಿನ್ನತೆ ಬಂದಿತ್ತೇ ಎಂದು ಕೇಳಿದರೆ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಗಂಡಸರಲ್ಲಿ ಕಾಲುಭಾಗ ಮಂದಿ ಹೌದು ಎಂದರು. ಬಹಳ ಹೆಂಗಸರ ಪಾಲಿಗೆ ಖಿನ್ನತೆ ಹೃದಯಾಘಾತದ ಹಿಂದೆ ಬಂದದ್ದಲ್ಲ, ಅದಕ್ಕಿಂತ ಮುಂಚೆಯೇ ಮನೆಯಲ್ಲಿ ಕೂತಿದ್ದದ್ದು.

ಗಂಡಸರ ವೇಷವನ್ನು ಮೊದಲು ನೋಡೋಣ. ಅಡಿಕೆ ಮಂಡಿ ನಡೆಸುವ ಐವತ್ತೆರಡರ ಒಬ್ಬರು ಬಂದಿದ್ದರು. ಊರು, ವ್ಯಾಪಾರ ಎರಡನ್ನೂ ಸ್ವಲ್ಪ ಬದಲಿಸಿ ಹೇಳುತ್ತಿದ್ದೇನೆ. ಸ್ಟೆಂಟ್ ಹಾಕಿ ಮೂರು ತಿಂಗಳಾಗಿತ್ತು. ಬೇಜಾರಿದೆಯಾ ಎಂದೆ. "ನಂಗೇನು ಬೇಜಾರು?" ಎಂದರು. ಅಳು ಬರುತ್ತದೆಯಾ ಎಂದರೆ ನಕ್ಕರು. ಖಿನ್ನತೆ ಅಳೆಯಲು ನಾವು ಕೇಳುವ ಒಂಬತ್ತು ಪ್ರಶ್ನೆಗಳ ಪಟ್ಟಿಯ ಪ್ರಕಾರ ಅವರಿಗೆ ಅದು ಇರಲಿಲ್ಲ. ಆದರೆ ಅಂಗಡಿಯ ಗಲ್ಲಾದ ಮೇಲೆ ಕೂರುವುದನ್ನು ಬಿಟ್ಟು ಎರಡು ತಿಂಗಳಾಗಿತ್ತು. ಮೂವತ್ತು ವರ್ಷದಿಂದ ಇದ್ದ ಗುಮಾಸ್ತರ ಮೇಲೆ ಕೈಯೆತ್ತಿದ್ದರು. ಆಘಾತವಾದಾಗ ಬಿಟ್ಟಿದ್ದ ಸಿಗರೇಟು, ಸಂಜೆಯ ಕುಡಿತ ಎರಡೂ ಮರಳಿದ್ದವು. ಗಂಡಸರ ಖಿನ್ನತೆ ಬಹಳ ಸಲ ಹೀಗೆ ಸಿಟ್ಟು, ಬಾಟಲಿ, ಬಿಟ್ಟ ಮಾತ್ರೆಗಳ ರೂಪದಲ್ಲಿ ಬರುತ್ತದೆ. ಆದ್ದರಿಂದ ಈಗ ನಾನು 'ಬೇಜಾರಿದೆಯಾ' ಎನ್ನುವುದಿಲ್ಲ. 'ಹೋದ ವಾರ ಯಾರ ಮೇಲೆ ರೇಗಿದಿರಿ? ಅಂಗಡಿಗೆ ಎಷ್ಟು ದಿನ ಹೋದಿರಿ?' ಎನ್ನುತ್ತೇನೆ. ಅದಕ್ಕೆ ಉತ್ತರ ಸಲೀಸಾಗಿ ಬರುತ್ತದೆ.

ಹೆಂಡತಿಯನ್ನು ಹೊರಗೆ ಕೂರಿಸಿದ ಮೇಲೆ ಬರುವ ಇನ್ನೊಂದು ಪ್ರಶ್ನೆ ಇದೆ. ಅದನ್ನು ಯಾರೂ ಪೂರ್ತಿ ವಾಕ್ಯದಲ್ಲಿ ಕೇಳುವುದಿಲ್ಲ. "ಅದೇ ಡಾಕ್ಟ್ರೇ... ಮನೇಲಿ... ಏನೂ ತೊಂದ್ರೆ ಇಲ್ವಲ್ಲ?" ಲೈಂಗಿಕ ಸಂಪರ್ಕದ ಹೊತ್ತಿಗೆ ಹೃದಯ ನಿಂತುಬಿಟ್ಟರೆ ಎಂಬ ಭಯ, ಇನ್ನು ತಾನು ಕೈಲಾಗದವನು ಎಂಬ ಕೊರಗು. ಎರಡು ಮಹಡಿ ಮೆಟ್ಟಿಲನ್ನು ಎದೆನೋವು, ಏದುಸಿರು ಇಲ್ಲದೆ ಹತ್ತಬಲ್ಲವರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಇದನ್ನು ಡಿಸ್ಚಾರ್ಜ್ ದಿನವೇ ಯಾರಾದರೂ ಹೇಳಿದ್ದರೆ ಎಷ್ಟೋ ಜಗುಲಿಗಳು ರಾತ್ರಿ ಖಾಲಿ ಇರುತ್ತಿದ್ದವು. ಹೇಳದಿದ್ದರೆ ಏನಾಗುತ್ತದೆ? ಕೆಲವರು ತಪ್ಪೆಲ್ಲ ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಯದೇ ಎಂದು ಅದನ್ನು ಬಿಡುತ್ತಾರೆ. 2003ರಲ್ಲಿ ಇಟಲಿಯ ವೈದ್ಯರು 96 ಹೃದ್ರೋಗಿ ಗಂಡಸರಿಗೆ ಅಟೆನೊಲಾಲ್ ಎಂಬ ಬೀಟಾ ಬ್ಲಾಕರ್ ಕೊಟ್ಟು ನೋಡಿದರು. ಯಾವ ಮಾತ್ರೆ ಎಂದೇ ತಿಳಿಸದವರಲ್ಲಿ ನೂರಕ್ಕೆ ಮೂವರಿಗೆ ತೊಂದರೆ ಕಾಣಿಸಿತು. ಇದರಿಂದ ನಿಮಿರುವಿಕೆಯ ತೊಂದರೆ ಆಗಬಹುದು ಎಂದು ಮೊದಲೇ ಹೇಳಿದವರಲ್ಲಿ ನೂರಕ್ಕೆ 31 ಜನರಿಗೆ. ಮಾತ್ರೆಗಿಂತ ಭಯ ಹೆಚ್ಚು ಕೆಲಸ ಮಾಡಿತ್ತು. ಇನ್ನು ಕೆಲವರು ಯಾರನ್ನೂ ಕೇಳದೆ ಮೆಡಿಕಲ್ ಶಾಪಿನಿಂದ ನಿಮಿರುವಿಕೆಗೆಂದು ಸಿಲ್ಡೆನಾಫಿಲ್ (ವಯಾಗ್ರ) ತರುತ್ತಾರೆ. ಎದೆನೋವು ಬಂದಾಗ ನಾಲಿಗೆ ಕೆಳಗಿಟ್ಟುಕೊಳ್ಳುವ ಸಾರ್ಬಿಟ್ರೇಟಿನಂಥ ಮಾತ್ರೆಯ ಜೊತೆ ಅದು ಸೇರಿದರೆ ರಕ್ತದೊತ್ತಡ ಪಾತಾಳಕ್ಕಿಳಿದು ಜೀವಕ್ಕೇ ಕುತ್ತು. ನಾಚಿಕೆ ಇಷ್ಟು ದುಬಾರಿ.

ಆ ಪಟ್ಟಿಯ ಒಂಬತ್ತನೇ ಪ್ರಶ್ನೆ, ಅಂದರೆ ಬದುಕೇ ಬೇಡ ಅನಿಸುತ್ತದೆಯಾ ಎಂಬುದನ್ನು ಗಂಡಸರಿಗೆ ನಾನು ತಪ್ಪದೆ ಕೇಳುತ್ತೇನೆ. ಖಿನ್ನತೆ ಹೆಂಗಸರಲ್ಲಿ ಹೆಚ್ಚು ನಿಜ. ನಮ್ಮ ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾಗುವ ಹತ್ತರಲ್ಲಿ ಏಳು ಮಂದಿ ಗಂಡಸರು ಎಂಬುದೂ ಅಷ್ಟೇ ನಿಜ.

ಇನ್ನು ಹೆಂಗಸರು. ಗಂಡಸು ಡಿಸ್ಚಾರ್ಜ್ ಆಗಿ ಜಗುಲಿಯ ಕುರ್ಚಿಗೆ ಹೋಗುತ್ತಾನೆ. ಊರವರು ಎಳನೀರು, ಮೂಸಂಬಿ ಹಿಡಿದು ನೋಡಲು ಬರುತ್ತಾರೆ. ಬಂದವರಿಗೆ ಕಾಫಿ ಮಾಡುವವಳು ಹೆಂಡತಿ. ಹೆಂಗಸು ಡಿಸ್ಚಾರ್ಜ್ ಆದರೂ ಊರವರು ಬರುತ್ತಾರೆ. ಬಂದವರಿಗೆ ಕಾಫಿ ಮಾಡುವವಳು ಆಗಲೂ ಅವಳೇ. ಅರವತ್ತೊಂದರ ಒಬ್ಬರು ಬೈಪಾಸ್ ಆದ ಐದನೇ ವಾರಕ್ಕೆ ಇಡ್ಲಿ ಹಿಟ್ಟಿನ ಗ್ರೈಂಡರ್ ಕಲ್ಲು ಎತ್ತಿದ್ದರು. ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು, ಭಾರ ಎತ್ತಬೇಡಿ ಎಂದು ಚೀಟಿಯಲ್ಲಿ ಬರೆದಿತ್ತಲ್ಲ ಎಂದೆ. "ಬರ್ದಿತ್ತು. ಸೊಸೆ ಪಾಪ ಒಬ್ಳೇ ಎಷ್ಟೂ ಅಂತ ಮಾಡ್ತಾಳೆ" ಎಂದರು. ಆಕೆಗೆ ದುಃಖ ಇದ್ದದ್ದು ತನಗೆ ಕಾಯಿಲೆ ಬಂತು ಎಂದಲ್ಲ, ತನ್ನಿಂದ ಮನೆಯವರಿಗೆ ಖರ್ಚು, ತಾಪತ್ರಯ ಎಂದು. ಹೀಗಾಗಿ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಆರನೆಯದರ ಮೇಲೆ ನನ್ನ ಕಣ್ಣು: 'ನಾನು ಪ್ರಯೋಜನವಿಲ್ಲದವಳು, ಮನೆಯವರಿಗೆ ಹೊರೆಯಾದೆ ಅನಿಸುತ್ತದೆಯಾ?' ಅಲ್ಲಿಯ ತನಕ 'ಏನಿಲ್ಲ, ಏನಿಲ್ಲ' ಎಂದವರು ಅಲ್ಲಿ ಸುಮ್ಮನಾಗುತ್ತಾರೆ.

ಈ ಪಟ್ಟಿಗೆ ಪಿಎಚ್‌ಕ್ಯೂ-9 ಎಂದು ಹೆಸರು. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗನಿಸಿತು ಎಂಬುದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಹತ್ತು ಮುಟ್ಟಿದರೆ ಕೂತು ಮಾತಾಡಬೇಕು. ಹೃದ್ರೋಗಿಗಳಲ್ಲಿ ಇದಕ್ಕೊಂದು ತೊಡಕಿದೆ. ನಿದ್ದೆ, ಸುಸ್ತು, ಹಸಿವು ಈ ಮೂರೂ ಹೃದಯ ಕೈಕೊಟ್ಟಾಗಲೂ ಕೆಡುತ್ತವೆ. ಅಂಕವೆಲ್ಲ ಈ ಮೂರರಿಂದಲೇ ಬಂದಿದ್ದರೆ ನಾನು ಮನಸ್ಸಿನ ಮಾತ್ರೆ ಬರೆಯುವ ಮೊದಲು ಎಕೋ ನೋಡುತ್ತೇನೆ, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಮಾಡಿಸುತ್ತೇನೆ. ನಮ್ಮ ಹೆಂಗಸರಲ್ಲಿ ಇವೆರಡರ ತೊಂದರೆಯೂ ಮಾಮೂಲು.

ಇದನ್ನು ಒಂದು ತಪ್ಪು ಮಾಡಿ ಕಲಿತೆ. ಕೆಲಸಕ್ಕೆ ಸೇರಿದ ಹೊಸತು, ಬೇರೆ ಆಸ್ಪತ್ರೆ. ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿದ್ದ ಹೆಂಗಸೊಬ್ಬರು ವಾಂತಿ ಬಂದಂತಾಗುತ್ತದೆ, ಬೆನ್ನು, ದವಡೆ ಸೆಳೆಯುತ್ತದೆ, ಎದೆಯಲ್ಲಿ ಏನೋ ಸಂಕಟ ಎಂದು ಬಂದರು. ನಾನು ದುಃಖ, ಗಾಬರಿ ಎಂದು ತೀರ್ಮಾನಿಸಿ ಸಮಾಧಾನ ಹೇಳಿ ಕಳಿಸಿದೆ. ಇಸಿಜಿ ತೆಗೆಸಲಿಲ್ಲ. ಮರುದಿನ ಅವರು ತುರ್ತು ವಿಭಾಗಕ್ಕೆ ಬಂದರು, ಹೃದಯಾಘಾತ. ಬದುಕಿದರು, ಅದು ನನ್ನ ಪುಣ್ಯ. ವಾಕರಿಕೆ, ಏದುಸಿರು, ವಿಪರೀತ ಸುಸ್ತು, ದವಡೆ, ಬೆನ್ನಿನ ನೋವು ಎದೆನೋವಿನ ಜೊತೆ ಅಥವಾ ಅದರ ಬದಲಿಗೆ ಬರುವುದು ಹೆಂಗಸರಲ್ಲಿ ಹೆಚ್ಚು. ಅವರ ಹೃದಯದ ಕಾಯಿಲೆಯನ್ನು ನಾವು ಮನಸ್ಸಿನದ್ದು ಅನ್ನುತ್ತೇವೆ. ಮನಸ್ಸಿನ ಕಾಯಿಲೆಯನ್ನು ಸ್ವಭಾವ ಅನ್ನುತ್ತೇವೆ.

ಚಿಕಿತ್ಸೆಯ ವಿಷಯಕ್ಕೆ ಬಂದರೆ ಮಾತ್ರೆಗಳ ಭಾಗ ಸುಲಭ. 'ಹಾರ್ಟಿನ ಮಾತ್ರೆ ಜೊತೆ ತಲೆ ಮಾತ್ರೆ ತಗೋಬಹುದಾ?' ಎಂಬ ಭಯಕ್ಕೆ 2002ರಲ್ಲೇ ಉತ್ತರ ಸಿಕ್ಕಿದೆ. ಆಗತಾನೇ ಹೃದಯಾಘಾತ ಅಥವಾ ತೀವ್ರ ಎದೆನೋವಿಗೆ ಆಸ್ಪತ್ರೆ ಸೇರಿದ್ದ 369 ಖಿನ್ನರಿಗೆ ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟು ನೋಡಿದ ಪ್ರಯೋಗದಲ್ಲಿ ಹೃದಯಕ್ಕೆ ಅದರಿಂದ ಕೆಡುಕು ಕಾಣಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಜೊತೆಗಿದ್ದಾಗ ರಕ್ತಸ್ರಾವದ ಸಾಧ್ಯತೆ ತುಸು ಹೆಚ್ಚು. ಒಸಡಿನಲ್ಲಿ ರಕ್ತ, ಕಪ್ಪು ಮಲ ಕಂಡರೆ ಕೂಡಲೇ ಹೇಳಬೇಕು. ನಿದ್ದೆಗೆಂದೋ ಮೈಕೈ ನೋವಿಗೆಂದೋ ಎಂದೋ ಬರೆಸಿಕೊಂಡ ಅಮಿಟ್ರಿಪ್ಟಿಲಿನ್ ಎಂಬ ಹಳೆಯ ಖಿನ್ನತೆ ಮಾತ್ರೆ ಮನೆಯಲ್ಲಿದ್ದರೆ, ಹೃದಯಾಘಾತದ ನಂತರ ಅದನ್ನು ವೈದ್ಯರಿಗೆ ತೋರಿಸದೆ ಮುಂದುವರಿಸಬಾರದು.

ಮಾತಿನ ಚಿಕಿತ್ಸೆಯಲ್ಲಿ ಕಥೆ ಬೇರೆಯೇ ಇದೆ. 1997ರಲ್ಲಿ ಮಾಂಟ್ರಿಯಲ್‌ನ ಅದೇ ತಂಡ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಹೃದಯಾಘಾತವಾದ 1,376 ಜನರಲ್ಲಿ ಅರ್ಧದಷ್ಟು ಮಂದಿಗೆ ತಿಂಗಳಿಗೊಮ್ಮೆ ಫೋನ್ ಮಾಡಿ ಮನಸ್ಸು ಹೇಗಿದೆ ಎಂದು ವಿಚಾರಿಸುವುದು, ಹೆಚ್ಚು ಬಳಲುತ್ತಿದ್ದರೆ ನರ್ಸ್ ಮನೆಗೇ ಹೋಗುವುದು. ಗಂಡಸರಿಗೆ ಲಾಭವೂ ಆಗಲಿಲ್ಲ, ನಷ್ಟವೂ ಆಗಲಿಲ್ಲ. ಹೆಂಗಸರಲ್ಲಿ ಮಾತ್ರ ಈ ಆರೈಕೆ ಪಡೆದವರಲ್ಲಿ ನೂರಕ್ಕೆ 9.4, ಪಡೆಯದವರಲ್ಲಿ 5 ಮಂದಿ ಹೃದಯದ ತೊಂದರೆಯಿಂದ ತೀರಿಕೊಂಡಿದ್ದರು. ಸಂಖ್ಯಾಶಾಸ್ತ್ರದ ಕಟ್ಟೆಯನ್ನು ಈ ವ್ಯತ್ಯಾಸ ಪೂರ್ತಿ ದಾಟಲಿಲ್ಲ, ಅಂದರೆ ಅದು ಆಕಸ್ಮಿಕವೂ ಇರಬಹುದು. ಆದರೂ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಕಾರಣದ ಬಗ್ಗೆ ಚರ್ಚೆ ನಿಂತಿಲ್ಲ. ಕೋಣೆಯಲ್ಲಿ ಕೂತು ನನಗೆ ಅನಿಸಿದ್ದು ಇಷ್ಟು: ಹಾಲ್‌ನಲ್ಲಿ ಅತ್ತೆ, ಗಂಡ ಕೂತಿರುವಾಗ ಮನೆಗೆ ಬಂದು 'ನಿಮ್ಮ ಕಷ್ಟ ಹೇಳಿ' ಎಂದರೆ ಅದು ಆರೈಕೆಗಿಂತ ವಿಚಾರಣೆಯಂತೆ ಕೇಳಿಸಬಹುದು. ಮಾಂಟ್ರಿಯಲ್‌ನಲ್ಲಿ ಹಾಗೇ ಆಯಿತೆಂದು ಹೇಳುತ್ತಿಲ್ಲ, ನಮ್ಮಲ್ಲಿ ಆಗುವುದನ್ನು ಕಂಡಿದ್ದೇನೆ.

ಇದಕ್ಕೆ ಎದುರಾಗಿ ಸ್ಟಾಕ್‌ಹೋಮ್‌ನ ಕ್ರಿಸ್ಟಿನಾ ಓರ್ಥ್-ಗೋಮರ್ ಅವರ ಕೆಲಸವಿದೆ. 2000ದಲ್ಲಿ ಅವರ ತಂಡ 292 ಹೃದ್ರೋಗಿ ಹೆಂಗಸರ ಅಧ್ಯಯನದಲ್ಲಿ ತೋರಿಸಿದ್ದು ಹೀಗೆ: ಉದ್ಯೋಗದ ಒತ್ತಡ ಮುಂದಿನ ಹೃದಯ ತೊಂದರೆಯನ್ನು ಅಷ್ಟಾಗಿ ಸೂಚಿಸಲಿಲ್ಲ, ದಾಂಪತ್ಯದ ಒತ್ತಡ ತೀವ್ರವಾಗಿದ್ದವರಲ್ಲಿ ಮಾತ್ರ ಅಪಾಯ ಸುಮಾರು ಮೂರು ಪಟ್ಟು. ಆಮೇಲೆ 237 ಹೆಂಗಸರ ಮೇಲೆ ಪ್ರಯೋಗ ನಡೆಯಿತು. ಹೆಂಗಸರದ್ದೇ ಚಿಕ್ಕ ಗುಂಪು, ಮನೆಯಿಂದ ಹೊರಗೆ, ವರ್ಷದಲ್ಲಿ 20 ಸಲ ಸೇರುವುದು. ಸುಮಾರು ಏಳು ವರ್ಷದ ನಂತರ ನೋಡಿದರೆ ಮಾಮೂಲಿ ಚಿಕಿತ್ಸೆಯವರಲ್ಲಿ ನೂರಕ್ಕೆ 20, ಗುಂಪಿನವರಲ್ಲಿ 7 ಮಂದಿ ತೀರಿಕೊಂಡಿದ್ದರು. ಪ್ರಯೋಗ ಚಿಕ್ಕದು, ಎಲ್ಲ ಕಡೆಯೂ ಹೀಗೇ ಆಗುತ್ತದೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಸ್ವಸಹಾಯ ಸಂಘಗಳು ಊರೂರಿಗೆ ಇರುವ ನಮ್ಮ ರಾಜ್ಯದಲ್ಲಿ ಹೆಂಗಸರನ್ನು ಗುಂಪಾಗಿ ಸೇರಿಸುವುದು ಕಲಿಯಬೇಕಾದ ವಿದ್ಯೆಯಲ್ಲ.

ನಾನು ಮಾಡಿಕೊಂಡಿರುವ ಬದಲಾವಣೆ ತೀರ ಸಣ್ಣದು. ಎರಡನೇ ಕುರ್ಚಿಯನ್ನು ಹತ್ತು ನಿಮಿಷ ಬಾಗಿಲಾಚೆ ಇಡುತ್ತೇನೆ. ಮೊದಮೊದಲು ಮಕ್ಕಳು ಮುನಿಸಿಕೊಳ್ಳುತ್ತಿದ್ದರು. ಈಗ "ಬಿಪಿ ನೋಡ್ಬೇಕು, ಸ್ವಲ್ಪ ಹೊರಗಿರಿ" ಎನ್ನುತ್ತೇನೆ, ನೋಡುತ್ತೇನೆ ಕೂಡ. ನಮ್ಮಂಥ ಕೋಣೆ ಹತ್ತಿರವಿಲ್ಲದವರಿಗೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆ ಇದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಬಂದು ನೋಡುವ, ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರಗಳೂ ಇವೆ.

ಅಡಿಕೆ ಮಂಡಿಯವರು ಈಗ ಮಧ್ಯಾಹ್ನದ ತನಕ ಅಂಗಡಿಯಲ್ಲಿ ಕೂರುತ್ತಾರೆ. ಗುಮಾಸ್ತರು ವಾಪಸ್ ಬಂದಿದ್ದಾರೆ. ಸಿಗರೇಟು ಪೂರ್ತಿ ಹೋಗಿಲ್ಲ. ಗ್ರೈಂಡರ್ ಕಲ್ಲಿನ ಅಮ್ಮ ಕಳೆದ ತಿಂಗಳು ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಅಂಕ ಹದಿನಾರರಿಂದ ಎಂಟಕ್ಕೆ ಇಳಿದಿತ್ತು, ಹೊರೆಯಾದೆ ಎಂಬ ಪ್ರಶ್ನೆಗೆ ಸೊನ್ನೆ. ಸುಸ್ತಿನ ಪ್ರಶ್ನೆಗೆ ಮಾತ್ರ ಹಳೆಯ ಮೂರೇ. ಎಕೋ ಚೆನ್ನಾಗಿದೆ, ಹಿಮೋಗ್ಲೋಬಿನ್ ಚೆನ್ನಾಗಿದೆ. ಬೆಳಗ್ಗೆ ಎಷ್ಟು ಹೊತ್ತಿಗೆ ಏಳ್ತೀರಿ ಅಮ್ಮ ಎಂದೆ.

"ನಾಲ್ಕೂವರೆಗೆ" ಎಂದರು. "ನಲ್ಲೀಲಿ ನೀರು ಬರೋದು ಆಗ್ಲೇ ಅಲ್ವಾ?"