ತಪ್ಪೊಪ್ಪಿಗೆಯನ್ನು ಸುಳ್ಳೆಂದ ಕಪ್ಪು ಪಟ್ಟೆಗಳು

ಪತ್ತೇದಾರಿ ಕಾದಂಬರಿಗಳಲ್ಲಿ ಆರೋಪಿ ತಪ್ಪೊಪ್ಪಿಕೊಂಡರೆ ಕಥೆ ಮುಗಿಯಿತೆಂದೇ ಲೆಕ್ಕ. ಇಂಗ್ಲೆಂಡಿನ ಲೆಸ್ಟರ್‌ಷೈರ್‌ನ ಈ ಪ್ರಕರಣದ ಅಸಲಿ ಕಥೆ ಶುರುವಾಗುವುದೇ ಅಲ್ಲಿಂದ.

1983ರ ನವೆಂಬರಿನಲ್ಲಿ ನಾರ್ಬರೋ ಎಂಬ ಹಳ್ಳಿಯ ಕಾಲುದಾರಿಯ ಬಳಿ ಹದಿನೈದು ವರ್ಷದ ಹುಡುಗಿಯ ಶವ ಸಿಕ್ಕಿತು. 1986ರ ಜುಲೈ ಕೊನೆಗೆ, ಪಕ್ಕದ ಎಂಡರ್ಬಿಯಲ್ಲಿ ಅದೇ ವಯಸ್ಸಿನ ಇನ್ನೊಬ್ಬಳ ಕೊಲೆಯಾಯಿತು. ಎರಡೂ ಕಡೆ ಅತ್ಯಾಚಾರ ನಡೆದಿತ್ತು. ಪೊಲೀಸರು ಹಿಡಿದ ಹದಿನೇಳರ ಹುಡುಗ ವಿಚಾರಣೆಯಲ್ಲಿ ಎರಡನೆಯ ಕೊಲೆಯನ್ನು ಒಪ್ಪಿಕೊಂಡ, ಮೊದಲನೆಯದನ್ನು ಮಾತ್ರ ಸುತರಾಂ ಒಪ್ಪಲಿಲ್ಲ. ಎರಡೂ ಒಬ್ಬನದೇ ಕೃತ್ಯ ಎಂಬುದು ತನಿಖಾಧಿಕಾರಿ ಡೇವಿಡ್ ಬೇಕರ್ ಅವರ ನಂಬಿಕೆ. ಅದನ್ನು ಖಚಿತಪಡಿಸಿಕೊಳ್ಳಲು ಪೊಲೀಸರು ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ ಅವರ ನೆರವು ಕೇಳಿದರು.

ಜೆಫ್ರೀಸ್ ಅಪರಾಧ ವಿಜ್ಞಾನಿಯಲ್ಲ, ತಳಿವಿಜ್ಞಾನಿ. 1984ರ ಸೆಪ್ಟೆಂಬರ್ 10ರ ಬೆಳಿಗ್ಗೆ ಅವರು ಕತ್ತಲೆ ಕೋಣೆಯಲ್ಲಿ ತೊಳೆದು ತೆಗೆದ ಎಕ್ಸ್‌ರೇ ಫಿಲ್ಮಿನ ಮೇಲೆ ಏಣಿಯ ಮೆಟ್ಟಿಲುಗಳಂಥ ಕಪ್ಪು ಪಟ್ಟೆಗಳಿದ್ದವು. ಅದರಲ್ಲಿ ಪ್ರಯೋಗಾಲಯದ ಸಹಾಯಕಿ ಮತ್ತು ಅವರ ತಂದೆತಾಯಿಯ ಡಿಎನ್‌ಎ ಕೂಡ ಇತ್ತು. ಮೂವರ ಪಟ್ಟೆಗಳೂ ಬೇರೆ ಬೇರೆ. ಆದರೂ ಮಗಳಲ್ಲಿ ಕಂಡ ಪಟ್ಟೆಗಳು ತಾಯಿಯಲ್ಲೋ ತಂದೆಯಲ್ಲೋ ಇದ್ದವು.

ನಮ್ಮ ಡಿಎನ್‌ಎಯ ಕೆಲವೆಡೆ ಪುಟ್ಟ ಅಕ್ಷರಸರಣಿಯೊಂದು ಮತ್ತೆ ಮತ್ತೆ ಬರುತ್ತದೆ. ಒಂದೇ ಭಜನೆಯ ಪಲ್ಲವಿಯನ್ನು ಒಂದು ಮಂಡಳಿ ನಾಲ್ಕು ಸಲ, ಇನ್ನೊಂದು ಹನ್ನೊಂದು ಸಲ ಹಾಡಿದಂತೆ. ಆವರ್ತನೆ ಹೆಚ್ಚಿದ್ದರೆ ಆ ತುಂಡು ಉದ್ದ. ಕಡಲಪಾಚಿಯಿಂದ ತೆಗೆದ ಅಗರೋಸ್ ಎಂಬ ಜೆಲ್‌ನಲ್ಲಿ ವಿದ್ಯುತ್ ಹರಿಸಿದರೆ ಗಿಡ್ಡ ತುಂಡುಗಳು ಮುಂದೋಡುತ್ತವೆ, ಉದ್ದದವು ಹಿಂದುಳಿಯುತ್ತವೆ. ಅವು ನಿಂತ ಜಾಗವೇ ಫಿಲ್ಮಿನ ಮೇಲಿನ ಪಟ್ಟೆ.

ಅತ್ಯಾಚಾರದ ಪ್ರಕರಣಗಳಲ್ಲಿ ಇನ್ನೊಂದು ತೊಡಕಿತ್ತು. ಶವದಿಂದ ತೆಗೆದ ಮಾದರಿಯಲ್ಲಿ ಸಂತ್ರಸ್ತೆಯ ಜೀವಕೋಶಗಳೂ ಬೆರೆತಿರುತ್ತವೆ. ಇದಕ್ಕೆ ಬ್ರಿಟನ್ನಿನ ಅಪರಾಧ ವಿಜ್ಞಾನಿ ಪೀಟರ್ ಗಿಲ್ ಕಂಡುಕೊಂಡ ಉಪಾಯ ನನಗೆ ಇಡೀ ಕಥೆಯಲ್ಲೇ ಅತ್ಯಂತ ಇಷ್ಟವಾದದ್ದು. ವೀರ್ಯಾಣುವಿನ ತಲೆಯೊಳಗಿನ ಪ್ರೋಟೀನುಗಳನ್ನು ಗಂಧಕದ ಬಂಧಗಳು ಬಿಗಿಯಾಗಿ ಹೆಣೆದಿರುತ್ತವೆ. ಮೊದಲು ಮಾರ್ಜಕ ಮತ್ತು ಕಿಣ್ವವನ್ನು ಹಾಕಿದರೆ ಹೆಣ್ಣಿನ ಕೋಶಗಳು ಕರಗುತ್ತವೆ, ವೀರ್ಯಾಣು ಜಗ್ಗುವುದಿಲ್ಲ. ಕರಗಿದ್ದನ್ನು ಚೆಲ್ಲಿ, ಬಂಧ ಮುರಿಯುವ ರಾಸಾಯನಿಕ ಸೇರಿಸಿದ ಮೇಲಷ್ಟೇ ಅದು ಬಾಯಿಬಿಡುತ್ತದೆ.

ಫಲಿತಾಂಶ ಬಂತು. ಎರಡೂ ಕೃತ್ಯ ಒಬ್ಬನದೇ, ಆದರೆ ಆ ಒಬ್ಬ ಈ ಹುಡುಗನಲ್ಲ. ಪೊಲೀಸರು ನಂಬಲಿಲ್ಲ. ಜೆಫ್ರೀಸರಿಗೂ ತಮ್ಮ ವಿಧಾನವೇ ತಪ್ಪಿತೇನೋ ಎಂಬ ಅನುಮಾನ. ಮತ್ತೆ ಪರೀಕ್ಷಿಸಿದರೂ ಉತ್ತರ ಅದೇ. 1986ರ ನವೆಂಬರಿನಲ್ಲಿ ಹುಡುಗನ ಬಿಡುಗಡೆಯಾಯಿತು. ಕೊಲೆ ತನಿಖೆಗೆ ಕಾಲಿಟ್ಟ ಡಿಎನ್‌ಎ ಮೊದಲು ಮಾಡಿದ್ದು ನಿರಪರಾಧಿಯನ್ನು ಉಳಿಸುವ ಕೆಲಸ. ಮಾಡದ ಕೊಲೆಯನ್ನು ಮನುಷ್ಯ ಒಪ್ಪಿಕೊಳ್ಳಬಲ್ಲ ಎಂಬುದನ್ನು ಆ ಪಟ್ಟೆಗಳಿಲ್ಲದೆ ಯಾರು ನಂಬುತ್ತಿದ್ದರು?

1987ರಲ್ಲಿ ಸುತ್ತಲಿನ ಊರುಗಳ ಸುಮಾರು ಐದು ಸಾವಿರ ಗಂಡಸರು ಪರೀಕ್ಷೆಗೆ ರಕ್ತ ಕೊಟ್ಟರು. ಒಬ್ಬರದೂ ಹೊಂದಲಿಲ್ಲ. ಕಾಲಿನ್ ಪಿಚ್‌ಫೋರ್ಕ್ ಎಂಬ ಬೇಕರಿ ನೌಕರ ತನ್ನ ಹೆಸರಿನಲ್ಲಿ ಸಹೋದ್ಯೋಗಿಯಿಂದ ರಕ್ತ ಕೊಡಿಸಿದ್ದ. ಆ ಸಹೋದ್ಯೋಗಿ ಪಬ್ಬಿನಲ್ಲಿ ಬಾಯಿ ಸಡಿಲಿಸಿದ, ಕೇಳಿಸಿಕೊಂಡ ಮಹಿಳೆಯೊಬ್ಬರು ಪೊಲೀಸರಿಗೆ ತಿಳಿಸಿದರು. ಸೆಪ್ಟೆಂಬರ್ 19ರಂದು ಪಿಚ್‌ಫೋರ್ಕ್‌ನ ಬಂಧನವಾಯಿತು. ಅವನದೇ ರಕ್ತದ ಪಟ್ಟೆಗಳು ಎರಡೂ ಕೊಲೆಗಳಿಗೆ ಹೊಂದಿದವು. ಅಷ್ಟರಲ್ಲಿ ಆ ಹುಡುಗ ಹೊರಬಂದು ಹತ್ತು ತಿಂಗಳಾಗಿತ್ತು.