93 ಸಾವಿರ ಯುದ್ಧಕೈದಿಗಳನ್ನು ಸಿಮ್ಲಾದಲ್ಲಿ ಸುಮ್ಮನೆ ಬಿಟ್ಟೆವೇ?

ಪ್ರಶ್ನೆ: 1971ರಲ್ಲಿ ಪಾಕಿಸ್ತಾನದ 93 ಸಾವಿರ ಸೈನಿಕರು ನಮ್ಮ ಕೈಲಿದ್ದರು. ಅವರನ್ನು ಹೇಗೆ ನೋಡಿಕೊಂಡೆವು? ಸಿಮ್ಲಾದಲ್ಲಿ ಕಾಶ್ಮೀರದ ವಿಷಯ ಇತ್ಯರ್ಥ ಮಾಡಿಕೊಳ್ಳದೆ ಬಿಟ್ಟುಕೊಟ್ಟದ್ದೇಕೆ?

ಉತ್ತರ: ಸಿಮ್ಲಾದಲ್ಲಿ ಬಿಟ್ಟುಕೊಡಲೇ ಇಲ್ಲ. 1972ರ ಜುಲೈ 2ರ ಒಪ್ಪಂದ ಕೈದಿಗಳ ವಿಷಯವನ್ನು ಮುಂದಿನ ಮಾತುಕತೆಗೆ ತಳ್ಳಿತು, ಅಷ್ಟೆ. ಅವರು ಊರಿಗೆ ಹೊರಟದ್ದು ಮರುವರ್ಷ. 93 ಸಾವಿರ ಮಂದಿಯೂ ಸೈನಿಕರಲ್ಲ. ಅರೆಸೇನಾ ಪಡೆಯವರು, ಅಧಿಕಾರಿಗಳು, ಹೆಂಗಸರು, ಮಕ್ಕಳೂ ಆ ಲೆಕ್ಕದಲ್ಲೇ ಇದ್ದಾರೆ.

1971ರ ಡಿಸೆಂಬರ್ 16ರಂದು ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ ಪೂರ್ವ ಪಾಕಿಸ್ತಾನದಲ್ಲಿದ್ದ (ಇಂದಿನ ಬಾಂಗ್ಲಾದೇಶ) ಪಾಕ್ ಸೇನೆಯ ಮುಖ್ಯಸ್ಥ ಜನರಲ್ ನಿಯಾಜಿ ಸಹಿ ಹಾಕಿದ ಶರಣಾಗತಿ ಪತ್ರದಲ್ಲೇ ಯುದ್ಧಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವ ಅಂತರರಾಷ್ಟ್ರೀಯ ಜಿನೀವಾ ಒಪ್ಪಂದದ ಹೆಸರಿತ್ತು: ಶರಣಾದವರನ್ನು ಅದರಂತೆ ಗೌರವದಿಂದ ನಡೆಸಿಕೊಳ್ಳುತ್ತೇವೆ ಎಂದು ಭಾರತ ಮಾತು ಕೊಟ್ಟಿತ್ತು. ಕೈದಿಗಳನ್ನು ಜಬಲ್ಪುರ, ಆಗ್ರಾ, ಮೀರತ್, ರಾಂಚಿ ಮುಂತಾದ ಕಡೆಯ ಶಿಬಿರಗಳಿಗೆ ಸಾಗಿಸಲಾಯಿತು. ನಿಯಾಜಿ ಇದ್ದದ್ದು ಜಬಲ್ಪುರದಲ್ಲಿ.

1949ರ ಆ ಒಪ್ಪಂದ ಓದಿದರೆ ಅಚ್ಚರಿಯಾಗುತ್ತದೆ. ವಿಚಾರಣೆಯಲ್ಲಿ ಕೈದಿ ಹೇಳಬೇಕಾದದ್ದು ಹೆಸರು, ಹುದ್ದೆ, ಹುಟ್ಟಿದ ದಿನ, ಸೇನಾ ಸಂಖ್ಯೆ ಮಾತ್ರ. ತಿಂಗಳಿಗೆ ಕಡಿಮೆಯೆಂದರೂ ಎರಡು ಪತ್ರ, ನಾಲ್ಕು ಕಾರ್ಡು ಬರೆಯಲು ಬಿಡಬೇಕು. ಊಟ ಅವರವರ ರೂಢಿಗೆ ಹೊಂದಬೇಕು, ಹೊಗೆಸೊಪ್ಪಿಗೂ ಅಡ್ಡಿಯಿಲ್ಲ. ಸಂಬಳದ ಮುಂಗಡವೂ ಉಂಟು: ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 8 ಸ್ವಿಸ್ ಫ್ರಾಂಕ್, ಜನರಲ್‌ಗೆ 75. (ಸೆರೆಯಲ್ಲೂ ದರ್ಜೆ ಬಿಡುವುದಿಲ್ಲ!) ಓಡಿಹೋಗಲು ಹೋಗಿ ಸಿಕ್ಕಿಬಿದ್ದವನಿಗೆ ಶಿಸ್ತಿನ ಶಿಕ್ಷೆ ಮಾತ್ರ, ಅದೂ 30 ದಿನ ಮೀರುವಂತಿಲ್ಲ. ಹಾಗೆಂದು ಎಲ್ಲ ಸುಸೂತ್ರವಾಗಿತ್ತು ಎನ್ನಲಾಗದು. ಶಿಬಿರಗಳಲ್ಲಿ ಕಾವಲುಗಾರರ ಗುಂಡಿಗೆ ಸತ್ತವರೂ ಇದ್ದರು.

ಅದೇ ಒಪ್ಪಂದದ 118ನೇ ವಿಧಿ, ಕಾದಾಟ ನಿಂತ ಮೇಲೆ ಕೈದಿಗಳನ್ನು ತಡಮಾಡದೆ ಬಿಡಬೇಕು ಎನ್ನುತ್ತದೆ. ಅಂದರೆ ಕೈದಿಗಳನ್ನು ಮುಂದಿಟ್ಟು ಕಾಶ್ಮೀರದ ಚೌಕಾಸಿ ಮಾಡಲು ಕಾನೂನಿನಲ್ಲಿ ಜಾಗವೇ ಇರಲಿಲ್ಲ. ಭಾರತದ ವಾದ ಬೇರೆಯಿತ್ತು: ಅವರು ಶರಣಾದದ್ದು ಭಾರತ–ಬಾಂಗ್ಲಾ ಜಂಟಿ ಪಡೆಗೆ, ಹಾಗಾಗಿ ಬಾಂಗ್ಲಾದೇಶ ಒಪ್ಪದೆ ಬಿಡಲಾಗದು. ಪಾಕಿಸ್ತಾನವೋ, ಬಾಂಗ್ಲಾದೇಶ ಎಂಬ ದೇಶವನ್ನೇ ಒಪ್ಪಿರಲಿಲ್ಲ. ರಾಜಕೀಯವಾಗಿ ನಮ್ಮ ವಾದಕ್ಕೆ ತೂಕವಿತ್ತು. ಆದರೆ 118ನೇ ವಿಧಿಯ ಎದುರು ಅದು ತೆಳುವಾದದ್ದೇ ಎಂದು ನನ್ನ ಅನಿಸಿಕೆ. ಅತ್ತ ಪಾಕಿಸ್ತಾನದಲ್ಲಿ ಸಿಕ್ಕಿಕೊಂಡಿದ್ದ ಬಂಗಾಳಿಗಳು ಲಕ್ಷಕ್ಕೂ ಹೆಚ್ಚು. ಪಾಕಿಸ್ತಾನದ ನಾಯಕ ಭುಟ್ಟೋ ಕೂಡ ಬರಿಗೈಯಲ್ಲಿ ಕೂತಿರಲಿಲ್ಲ.

ಗಂಟು ಸಡಿಲಿದ್ದು 1973ರ ಆಗಸ್ಟ್ 28ರ ದೆಹಲಿ ಒಪ್ಪಂದದಿಂದ. ಕೈದಿಗಳ ಜೊತೆಗೆ ಪಾಕಿಸ್ತಾನದಲ್ಲಿದ್ದ ಬಂಗಾಳಿಗಳಿಗೂ ಬಾಂಗ್ಲಾದಲ್ಲಿದ್ದ ಪಾಕಿಸ್ತಾನಿಗಳಿಗೂ ಅದು ದಾರಿ ಮಾಡಿತು. ಯುದ್ಧಾಪರಾಧದ ವಿಚಾರಣೆಗೆಂದು ಬಾಂಗ್ಲಾ ಹೆಸರಿಸಿದ್ದ 195 ಮಂದಿ ಮಾತ್ರ ಉಳಿದರು. 1974ರ ಫೆಬ್ರವರಿಯಲ್ಲಿ ಪಾಕಿಸ್ತಾನ ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಟ್ಟಿತು. ಏಪ್ರಿಲ್ 9ರ ತ್ರಿಪಕ್ಷೀಯ ಒಪ್ಪಂದದಲ್ಲಿ, ಅಪರಾಧಗಳು ನಡೆದಿದ್ದರೆ ಅದಕ್ಕೆ ತೀವ್ರ ವಿಷಾದವಿದೆ ಎಂದಿತು. ಅಷ್ಟಕ್ಕೆ ಬಾಂಗ್ಲಾ ವಿಚಾರಣೆ ಕೈಬಿಟ್ಟಿತು. ಆ 195 ಮಂದಿಯೂ ಊರು ಸೇರಿದರು.