ಹ್ಯಾಕ್ ಮಾಡೋರು ಕಡಿಮೆ ಆಗಲ್ಲ, ಷೇರು ಯಾಕೆ ಬೀಳುತ್ತೆ?

ಜನವರಿಯ ಒಂದು ಸಂಜೆ ಕಲಬುರಗಿ ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಅಡತಿ ವ್ಯಾಪಾರಿಯೊಬ್ಬರು ಷೇರಿನ ಸಲಹೆ ಕೇಳೋಕೆ ನಮ್ಮ ಆಫೀಸಿಗೆ ಬಂದರು. ತೊಗರಿ ಸುಗ್ಗಿಯ ಸಮಯ. ಕೈಯಲ್ಲಿ 6 ಲಕ್ಷ ರೂಪಾಯಿ ಇತ್ತು. ಜೊತೆಗೆ ಸೇಡಂ ಕಡೆಯ ಒಬ್ಬ ನಿವೃತ್ತ ಶಿಕ್ಷಕರು, ಮನೆಯಿಂದಲೇ ಐಟಿ ಕೆಲಸ ಮಾಡುವ ಒಬ್ಬ ಹುಡುಗ. ಮೂವರಿಗೂ ಸೈಬರ್ ಸೆಕ್ಯುರಿಟಿ ಕಂಪನಿಗಳ, ಅಂದರೆ ಕಂಪ್ಯೂಟರ್‌ಗಳನ್ನು ಹ್ಯಾಕ್ ಆಗದ ಹಾಗೆ ಕಾಯುವ ಕಂಪನಿಗಳ, ಷೇರು ಬೇಕಿತ್ತು.

“ಹ್ಯಾಕ್ ಮಾಡೋರು ಕಡಿಮಿ ಆಗಂಗಿಲ್ಲ. ಹಂಗಾದ್ರ ಈ ಕಂಪ್ನಿ ಷೇರು ಬೀಳೂದು ಹ್ಯಾಂಗ್ರಿ ಸರ್?” ಅಂತ ಅಡತಿಯವರು ಕೇಳಿದರು.

ನಾನು ತಿರುಗಿ ತೊಗರಿ ಬಗ್ಗೆ ಕೇಳಿದೆ. ಬೇಳೆ ಇಲ್ಲದೆ ನಮ್ಮ ಮನೆಗಳಲ್ಲಿ ಊಟ ಆಗಲ್ಲ, ಅಲ್ವಾ? ಆದರೂ ದರ ಯಾಕೆ ಬೀಳುತ್ತೆ? ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಹತ್ತಿರ ಹೋಯಿತು. ಮರುವರ್ಷ ಎಲ್ಲರೂ ತೊಗರಿ ಬಿತ್ತಿದರು. 2016-17ರ ಸುಗ್ಗಿಯಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ ಇತ್ತು, ಮಾರುಕಟ್ಟೆಯಲ್ಲಿ ಅಷ್ಟೂ ಸಿಗಲಿಲ್ಲ. 2024ರಲ್ಲಿ 10,000 ದಾಟಿದ ದರ 2025ರ ಶುರುವಿನಲ್ಲಿ 7,550ರ ಬೆಂಬಲ ಬೆಲೆಯ ಆಸುಪಾಸಿಗೆ ಬಂತು. ಅಷ್ಟರಲ್ಲಿ ಬೇಳೆ ತಿನ್ನುವವರು ಕಡಿಮೆ ಆಗಿರಲಿಲ್ಲ. 10,000ಕ್ಕೆ ಕೊಂಡು ಗೋದಾಮಿನಲ್ಲಿ ಇಟ್ಟವರಿಗೆ ಮಾತ್ರ ಪೆಟ್ಟು ಬಿತ್ತು.

ಷೇರಿನಲ್ಲೂ ಹೀಗೇ. ಜನರಿಗೆ ಆ ಸಾಮಾನು ಬೇಕು ಅನ್ನೋದು ಒಂದು ಮಾತು. ಅದಕ್ಕೆ ನಾವು ಎಷ್ಟು ದರ ಕೊಟ್ಟು ಒಳಗೆ ಹೋಗುತ್ತೇವೆ ಅನ್ನೋದು ಬೇರೆಯೇ ಮಾತು.

ಅಮೆರಿಕದ ಸೈಬರ್ ಸೆಕ್ಯುರಿಟಿ ಕಂಪನಿ ಪಾಲೋ ಆಲ್ಟೋ ನೆಟ್‌ವರ್ಕ್ಸ್ ಉದಾಹರಣೆ ನೋಡಿ. 2024ರ ಫೆಬ್ರುವರಿಯಲ್ಲಿ ಅದರ ಮೂರು ತಿಂಗಳ ಲೆಕ್ಕ ಹೊರಬಂತು. ಆದಾಯ ಹಿಂದಿನ ವರ್ಷಕ್ಕಿಂತ ಶೇ 19ರಷ್ಟು ಏರಿತ್ತು. ಆದರೆ ಮರುದಿನ ಷೇರು ಒಂದೇ ದಿನದಲ್ಲಿ ಶೇ 28ರಷ್ಟು ಬಿತ್ತು. ಯಾಕೆ? ಆ ಇಡೀ ವರ್ಷ ಗ್ರಾಹಕರಿಗೆ 1,070 ಕೋಟಿ ಡಾಲರ್‌ಗೂ ಜಾಸ್ತಿ ಬಿಲ್ ಮಾಡುತ್ತೇವೆ ಅಂತ ಕಂಪನಿ ಮೊದಲು ಹೇಳಿತ್ತು. ಈಗ ಆ ಅಂದಾಜನ್ನು 1,010ರಿಂದ 1,020 ಕೋಟಿಗೆ ಇಳಿಸಿತು. ಬೇರೆ ಬೇರೆ ಕಂಪನಿಗಳ ಸಾಫ್ಟ್‌ವೇರ್ ಬಳಸುವ ಗ್ರಾಹಕರನ್ನು ಪೂರ್ತಿ ತನ್ನ ಕಡೆ ಎಳೆದುಕೊಳ್ಳೋದು ಅದರ ಹೊಸ ಲೆಕ್ಕಾಚಾರ. ಅವರ ಹಳೆ ಒಪ್ಪಂದ ಮುಗಿಯುವವರೆಗೆ ಕೆಲವು ಸೇವೆ ಪುಕ್ಕಟೆ ಕೊಡಲು ಅದು ಮುಂದಾಯಿತು. ಮೊದಲ ಕೆಲವು ತಿಂಗಳು ಬಾಡಿಗೆ ಬೇಡ, ಎಲ್ಲ ಗೋದಾಮೂ ನಮ್ಮಲ್ಲೇ ತಗೋ ಅಂದ ಹಾಗೆ. ನಾಳೆ ಲಾಭ ಇರಬಹುದು, ಇವತ್ತಿನ ಗಲ್ಲಾಪೆಟ್ಟಿಗೆ ಮಾತ್ರ ಖಾಲಿ.

ಆ ಹಿಂದಿನ ದಿನದ ದರದಲ್ಲಿ ಏನೇನು ತುಂಬಿತ್ತು ಅಂತ ಯೋಚಿಸಿ. ಕಂಪನಿ ಚೆನ್ನಾಗಿ ಬೆಳೆಯುತ್ತೆ ಅನ್ನೋದಷ್ಟೇ ಅಲ್ಲ, ಹೇಳಿದ್ದಕ್ಕಿಂತಲೂ ಜಾಸ್ತಿ ಬೆಳೆಯುತ್ತೆ ಅನ್ನೋ ಆಸೆಯೂ ಅದರಲ್ಲಿ ಸೇರಿತ್ತು. ಕಂಪನಿಯ ವ್ಯಾಪಾರ ನಿಂತಿರಲಿಲ್ಲ. ಆ ಆಸೆ ಕರಗಿತು, ದರ ಇಳಿಯಿತು. ಅದೇ ದಿನ ಇದೇ ವ್ಯಾಪಾರದ ಝೀಸ್ಕೇಲರ್, ಕ್ರೌಡ್‌ಸ್ಟ್ರೈಕ್ ಕಂಪನಿಗಳ ಷೇರುಗಳೂ ಜೋರಾಗಿ ಬಿದ್ದವು. ಅವು ತಮ್ಮ ಲೆಕ್ಕವನ್ನು ಇನ್ನೂ ಹೇಳಿರಲೂ ಇಲ್ಲ. ಹುಡುಗ ನಾಲ್ಕು ಸೈಬರ್ ಕಂಪನಿಗಳ ಪಟ್ಟಿ ತೋರಿಸಿ, ಹಣ ಹಂಚಿ ಹಾಕುತ್ತೇನೆ, ರಿಸ್ಕ್ ಕಡಿಮೆ ಅಂದಿದ್ದ. ನಾಲ್ಕು ಹೊಲದಲ್ಲೂ ತೊಗರಿಯನ್ನೇ ಬಿತ್ತಿದರೆ ರಿಸ್ಕ್ ಹಂಚಿದ ಹಾಗೆ ಆಗಲ್ಲ.

ಇಲ್ಲಿ ನಮ್ಮ ಕಡೆಯವರಿಗೆ ಇನ್ನೊಂದು ತೊಡಕು ಇದೆ. ಇದನ್ನು ಪ್ರತಿಯೊಬ್ಬರಿಗೂ ಒತ್ತಿ ಹೇಳುತ್ತೇನೆ. ಅಮೆರಿಕದ ಮಾರುಕಟ್ಟೆ ಚಳಿಗಾಲದಲ್ಲಿ ನಮ್ಮ ರಾತ್ರಿ 8 ಗಂಟೆಗೆ ಶುರುವಾಗಿ ಎರಡೂವರೆಗೆ ಮುಗಿಯುತ್ತೆ. ಈ ಕಂಪನಿಗಳು ಸಾಮಾನ್ಯವಾಗಿ ಮಾರುಕಟ್ಟೆ ಮುಚ್ಚಿದ ಮೇಲೆ ಲೆಕ್ಕ ಹೇಳುತ್ತವೆ. ಆಗ ನಾವು ಮಲಗಿರುತ್ತೇವೆ. ಶೇ 10 ಇಳಿದರೆ ತಾನಾಗಿ ಮಾರಾಟ ಆಗಲಿ ಅಂತ ಸ್ಟಾಪ್‌ಲಾಸ್ ಹಾಕಿರುತ್ತೀರಿ. ಆದರೆ ಮರುದಿನ ಮಾರುಕಟ್ಟೆ ತೆರೆಯುವುದೇ ಶೇ 25 ಕೆಳಗೆ ಆದರೆ ಆ ಕೆಳಗಿನ ದರಕ್ಕೇ ಮಾರಾಟ ಆಗುತ್ತೆ. ನಡುವೆ ದರವೇ ಇರಲ್ಲ. ಸ್ಟಾಪ್‌ಲಾಸ್ ಇದೆ ಅಂತ ಧೈರ್ಯವಾಗಿ ಮಲಗಿದವರು ಬೆಳಿಗ್ಗೆ ನನಗೆ ಫೋನ್ ಮಾಡಿದ್ದಾರೆ. ಆ ಹೊತ್ತಿಗೆ ನನ್ನ ಕೈಯಲ್ಲೂ ಏನೂ ಇರಲ್ಲ.

ಶಿಕ್ಷಕರಿಗೆ ಕ್ರೌಡ್‌ಸ್ಟ್ರೈಕ್ ನೆನಪಿತ್ತು. 2024ರ ಜುಲೈ 19ರಂದು ಅವರು ಹೈದರಾಬಾದ್ ಏರ್‌ಪೋರ್ಟಿನಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಹಿಡಿದು ನಿಂತಿದ್ದರಂತೆ. ಅವತ್ತು ಯಾರೂ ಹ್ಯಾಕ್ ಮಾಡಿರಲಿಲ್ಲ. ಕಂಪನಿಯೇ ಕಳಿಸಿದ ಒಂದು ಅಪ್‌ಡೇಟ್‌ನಲ್ಲಿ ತಪ್ಪಿತ್ತು. ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ನಿಂತವು. ಆ ತಿಂಗಳ ಶುರುವಿನಲ್ಲಿ ಈ ಕಂಪನಿಯ ಮಾರುಕಟ್ಟೆ ಮೌಲ್ಯ, ಅಂದರೆ ಎಲ್ಲ ಷೇರುಗಳ ಒಟ್ಟು ಬೆಲೆ, 9,000 ಕೋಟಿ ಡಾಲರ್ ಮೀರಿತ್ತು. ಹಿಂದಿನ ಹಣಕಾಸು ವರ್ಷದ ಒಟ್ಟು ಆದಾಯ ಸುಮಾರು 306 ಕೋಟಿ ಡಾಲರ್. ಲಾಭ ಅಲ್ಲ, ಬರೀ ಆದಾಯ. ಅದರ 30 ಪಟ್ಟು ಹತ್ತಿರ ದರ ಕೊಟ್ಟು ಜನ ಕೊಳ್ಳುತ್ತಿದ್ದರು. ಅಷ್ಟು ಎತ್ತರದಲ್ಲಿ ಕೂತ ದರಕ್ಕೆ ಸಣ್ಣ ಕಲ್ಲು ಎಡವಿದರೂ ಸಾಕು, ಇದು ದೊಡ್ಡ ಬಂಡೆ. ಆಗಸ್ಟ್ ಶುರುವಿನ ಹೊತ್ತಿಗೆ ಜುಲೈನ ಎತ್ತರದಿಂದ ಶೇ 40ಕ್ಕಿಂತ ಜಾಸ್ತಿ ಇಳಿದಿತ್ತು.

2025ರ ಫೆಬ್ರುವರಿಯಲ್ಲಿ ಅದು ಹಳೆಯ ಎತ್ತರವನ್ನೂ ದಾಟಿತು. ಕಾರಣ ಅಡತಿಯವರಿಗೆ ತಕ್ಷಣ ತಿಳಿಯಿತು. ಮುಂಗಡ ಪಡೆದ ರೈತ ಒಂದು ಸಲ ತೂಕದಲ್ಲಿ ಜಗಳ ಆಯಿತು ಅಂತ ಅಡತಿ ಅಂಗಡಿ ಬದಲಿಸೋಕೆ ಆಗಲ್ಲ. ಇಲ್ಲೂ ಒಪ್ಪಂದಗಳು ಎಷ್ಟೋ ಸಲ ವರ್ಷಗಟ್ಟಲೆ ಇರುತ್ತವೆ. ಪ್ರತಿ ಕಂಪ್ಯೂಟರ್‌ನಲ್ಲೂ ಕೂರಿಸಿದ ಸಾಫ್ಟ್‌ವೇರ್ ತೆಗೆದು ಬೇರೆಯದು ಹಾಕೋದು ದೊಡ್ಡ ಕೆಲಸ. ಹಳೆ ಗ್ರಾಹಕರಿಂದ ಬರುವ ಆದಾಯದಲ್ಲಿ ಶೇ 97ರಷ್ಟು ಉಳಿದಿದೆ ಅಂತ ಕಂಪನಿ ಆಮೇಲೆ ಹೇಳಿತು. ಷೇರು ಬಿದ್ದಾಗ ನಾನು ಮೊದಲು ನೋಡೋದು ಈ ಅಂಕಿಯನ್ನೇ. ಗ್ರಾಹಕರು ಉಳಿದಿದ್ದರೆ ಬಿದ್ದದ್ದು ದರ. ಗ್ರಾಹಕರೇ ಹೊರಟಿದ್ದರೆ ಬೀಳುತ್ತಿರುವುದು ವ್ಯಾಪಾರ.

ಆದರೆ ಎಲ್ಲವೂ ಏಳೆಂಟು ತಿಂಗಳಲ್ಲಿ ಎದ್ದು ಬರಲ್ಲ. ಪುಣೆಯ ಕ್ವಿಕ್ ಹೀಲ್ 2016ರ ಫೆಬ್ರುವರಿಯಲ್ಲಿ ಷೇರಿಗೆ 321 ರೂಪಾಯಿಯಂತೆ ಮಾರುಕಟ್ಟೆಗೆ ಬಂತು. ಅದರ ಆ್ಯಂಟಿವೈರಸ್ ನಮ್ಮೂರಿನ ಕಂಪ್ಯೂಟರ್ ಅಂಗಡಿಗಳಲ್ಲೆಲ್ಲ ಸಿಗುತ್ತಿತ್ತು. ಹೆಸರು ಗೊತ್ತು ಅಂತಲೇ ತುಂಬ ಜನ ಕೊಂಡರು. 2020ರ ಮಾರ್ಚ್‌ನಲ್ಲಿ ಅದು 100ಕ್ಕಿಂತ ಕೆಳಗೆ ಹೋಯಿತು. 2024ರಲ್ಲಿ 600 ದಾಟಿತು, 2025ರಲ್ಲಿ ಮತ್ತೆ 400ರ ಒಳಗೆ ಬಂತು. ನನ್ನ ಗ್ರಾಹಕರೊಬ್ಬರು ಮಗಳ ಮದುವೆಗೆ ಅಂತ ಇಟ್ಟ ಹಣದಲ್ಲಿ ಇದನ್ನು ಕೊಂಡಿದ್ದರು. ಮದುವೆ 2020ರ ಬೇಸಿಗೆಗೆ ನಿಶ್ಚಯವಾಗಿತ್ತು. 100ರ ಆಸುಪಾಸಿನಲ್ಲಿ ಮಾರಿದರು. ಆ ಹಣಕ್ಕೆ ತಾರೀಖು ಇದೆ ಅಂತ ನಾನು ಮೊದಲೇ ಕೇಳಿ ತಿಳಿದುಕೊಳ್ಳಬೇಕಿತ್ತು. ಅದು ನನಗೆ ಈಗಲೂ ನೋವು ಕೊಡುತ್ತೆ.

ಷೇರುಪೇಟೆಯಲ್ಲಿ ಸಣ್ಣ ಕಂಪನಿಗಳಿಗೆ ಅಂತಲೇ ಇರುವ ಎಸ್‌ಎಂಇ ವಿಭಾಗದ ಬಗ್ಗೆ ಹುಡುಗ ತುಂಬಾ ಉತ್ಸಾಹದಲ್ಲಿದ್ದ. 2024ರ ಏಪ್ರಿಲ್‌ನಲ್ಲಿ ಟ್ಯಾಕ್ ಇನ್ಫೋಸೆಕ್ ಅನ್ನೋ ಸೈಬರ್ ಕಂಪನಿ 106 ರೂಪಾಯಿಗೆ ಕೊಟ್ಟ ಷೇರು ಮೊದಲ ದಿನವೇ 290ಕ್ಕೆ ಲಿಸ್ಟ್ ಆದದ್ದು ಅವನಿಗೆ ಬಾಯಿಪಾಠ. ಅಲ್ಲಿ ಬಿಡಿ ಷೇರು ಸಿಗಲ್ಲ, ಲಾಟ್ ಲೆಕ್ಕದಲ್ಲೇ, ಅಂದರೆ ಗೊತ್ತು ಮಾಡಿದ ಗುಂಪಿನಲ್ಲೇ, ಕೊಳ್ಳಬೇಕು, ಮಾರಬೇಕು. ಲೋವರ್ ಸರ್ಕ್ಯೂಟ್ ಬಿದ್ದ ದಿನ, ಅಂದರೆ ದರ ಆ ದಿನಕ್ಕೆ ಇಳಿಯಬಹುದಾದ ಕೊನೆ ಮಿತಿ ಮುಟ್ಟಿದ ದಿನ, ಮಾರೋಕೆ ಸಾಲು ಇರುತ್ತೆ, ಕೊಳ್ಳುವವರು ಇರಲ್ಲ. ಹೊಸಬರಿಗೆ ನಾನು ಅದನ್ನು ಹೇಳೋದೇ ಇಲ್ಲ.

ಅಮೆರಿಕದ ಷೇರು ಕೊಂಡರೆ ಡಾಲರ್ ದರದ ಏರಿಳಿತವೂ ನಿಮ್ಮದೇ. ತೆರಿಗೆ ರಿಟರ್ನ್‌ನಲ್ಲಿ ವಿದೇಶದ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎ ಭಾಗದಲ್ಲಿ ಆ ಷೇರುಗಳ ವಿವರ ಕೊಡಲೇಬೇಕು. ಒಂದೇ ಷೇರು ಇದ್ದರೂ ಕೊಡಿ.

ಕೊನೆಗೆ ಅಡತಿಯವರನ್ನು ಒಂದೇ ಮಾತು ಕೇಳಿದೆ. ಈ 6 ಲಕ್ಷ ನಿಮಗೆ ಮತ್ತೆ ಯಾವಾಗ ಬೇಕು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಜೂನ್‌ದಾಗ ಬೇಕ್ರಿ” ಅಂದರು. ಐದು ತಿಂಗಳು. ಅಷ್ಟು ಸಮಯದಲ್ಲಿ ಎರಡು ಸಲ ಲೆಕ್ಕ ಹೊರಬರುತ್ತೆ, ಎರಡು ಸಲವೂ ಅವರು ನಿದ್ದೆಯಲ್ಲಿ ಇರುತ್ತಾರೆ. 5 ವರ್ಷ ಮುಟ್ಟದೆ ಇಡಬಹುದಾದ 50 ಸಾವಿರವನ್ನು ಮಾತ್ರ ಬೇರೆ ತೆಗೆದೆವು, ಅದನ್ನೂ ನಾಲ್ಕು ಕಂತಿನಲ್ಲಿ ಹಾಕೋಣ ಅಂತ ಮಾತಾಯಿತು. ಉಳಿದ 5.5 ಲಕ್ಷ ಬ್ಯಾಂಕಿನಲ್ಲೇ ಇದೆ. ಮಿರಗದ ಮಳೆ ಬಿದ್ದ ಕೂಡಲೇ ರೈತರು ಬೀಜ, ಗೊಬ್ಬರಕ್ಕೆ ಮುಂಗಡ ಕೇಳಿಕೊಂಡು ಅವರ ಅಂಗಡಿಗೆ ಬರುತ್ತಾರೆ.